ಅವ್ವನ ಡಿಸ್ಚಾರ್ಜ್ ಕಾರ್ಡು, ಮುಂಬೈಯ ಹಾರ್ಮೋನ್ ಚರಿತ್ರೆ

ಕಳೆದ ಭಾನುವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೇನೆ, ಆತುರದಲ್ಲಿ ತಪ್ಪಾಗಿ ಹೇಳಿದ್ದ ಒಂದು ಇಸವಿ ತಿದ್ದಿದ್ದೇನೆ. ಉಳಿದದ್ದು ಮಾತಾಡಿದ ಹಾಗೇ ಇದೆ. ಹೆಂಗಸರ ವಿಷಯ ಅಂತ ಗಂಡಸರು ಪಕ್ಕಕ್ಕಿಡಬೇಡಿ. ನಿಮಗೂ ಊರಲ್ಲಿ ಅಮ್ಮ ಇದ್ದಾರೆ.

ಮುಂಬೈಯ ಹವಾಮಾನ ಅಳೆಯುವ ಮುಖ್ಯ ಜಾಗಗಳು ಎರಡು. ಕೊಲಾಬಾ ಒಂದು, ನಮ್ಮ ಸಾಂತಾಕ್ರೂಜ್ ಇನ್ನೊಂದು. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು ಅಂತ ನೀವೆಲ್ಲ ಓದಿದ್ದೀರಲ್ಲ, ಅದು ಸಾಂತಾಕ್ರೂಜ್ ಲೆಕ್ಕ. ಇವತ್ತಿಗೂ ಪೇಪರಿನಲ್ಲಿ ‘ಮುಂಬೈಯ ಉಷ್ಣಾಂಶ ಇಷ್ಟು’ ಅಂತ ಬಂದರೆ ಅದನ್ನು ಅಳೆದದ್ದು ನಮ್ಮ ಮನೆಗೆ ಆಟೋದಲ್ಲಿ ಹತ್ತು ನಿಮಿಷದ ದೂರದಲ್ಲಿ. ಹೋದ ವರ್ಷ ಜನವರಿಯಲ್ಲಿ, ಮುಂಬೈಯವರು ವರ್ಷಕ್ಕೊಂದು ಸಲ ಸ್ವೆಟರ್ ಹೊರಗೆ ತೆಗೆಯುತ್ತಾರಲ್ಲ, ಆ ವಾರ, ಬೆಳಗಿನ ಜಾವ ಮೂರು ಗಂಟೆಗೆ ನಾನು ಫ್ಯಾನನ್ನು ಐದಕ್ಕಿಟ್ಟು ಅದರ ಕೆಳಗೆ ನಿಂತಿದ್ದೆ. ನೈಟಿ ಹಿಂಡಿದರೆ ನೀರು ಬರುವ ಹಾಗಿತ್ತು. ಗಂಡ ಎರಡು ರಗ್ಗು ಹೊದ್ದು ಮಲಗಿದ್ದ. ಸಾಂತಾಕ್ರೂಜ್‌ನ ಯಾವ ಉಪಕರಣಕ್ಕೂ ಸಿಗದ ಸೆಖೆ ಅದು.

ನನಗಾಗ 45. ಅದಕ್ಕೂ ಆರು ತಿಂಗಳಿಂದ ಮುಟ್ಟಿನ ಲೆಕ್ಕ ತಪ್ಪಿತ್ತು. ಬಂದರೆ ಹತ್ತು ದಿನ, ಅದೂ ಗೋರೆಗಾಂವ್‌ನ ಆಫೀಸಿಗೆ ಲೋಕಲ್‌ನಲ್ಲಿ ನಿಂತು ಹೋಗಲಾಗದಷ್ಟು. ಮೀಟಿಂಗಿನಲ್ಲಿ ಮಾತಾಡ್ತಾ ಮಾತಾಡ್ತಾ, ಹತ್ತು ವರ್ಷದಿಂದ ನಾನೇ ನೋಡಿಕೊಳ್ಳುವ ಸರ್ವರಿನ ಹೆಸರು ಬಾಯಿಗೆ ಬರಲಿಲ್ಲ. ಎದುರಿಗಿದ್ದ ಹುಡುಗ ನೆಟ್‌ವರ್ಕ್ ಹೋಗಿದೆ ಅಂದುಕೊಂಡು ‘ಮ್ಯಾಮ್, ಯು ಆರ್ ಆನ್ ಮ್ಯೂಟ್’ ಅಂದ.

ಒಬ್ಬ ಡಾಕ್ಟರ್ ಹತ್ತಿರ ಹೋದೆ. ಯಾರು, ಎಲ್ಲಿ ಅನ್ನೋದು ಬೇಡ. ಸ್ಕ್ಯಾನಿನಲ್ಲಿ ಒಂದು ಸಣ್ಣ ಫೈಬ್ರಾಯ್ಡ್ ಗಂಟು ಕಂಡಿತು. ಬೆವರು, ನಿದ್ದೆ, ಮರೆವು ಅಂತ ನಾನು ಶುರು ಮಾಡಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ರಿಪೋರ್ಟಿನಿಂದ ತಲೆ ಎತ್ತದೆ ಹೇಳಿದರು: ‘ಮಕ್ಕಳಾಗಿವೆಯಲ್ಲ? ಇನ್ನು ಅದನ್ನಿಟ್ಟುಕೊಂಡು ಏನು ಮಾಡ್ತೀರಿ? ತೆಗೆಸಿಬಿಡಿ. ಇನ್ಶೂರೆನ್ಸ್ ಇದೆ, ಕ್ಯಾಶ್‌ಲೆಸ್ ಆಗುತ್ತೆ.’

ಇನ್ಶೂರೆನ್ಸ್ ಮಾತೊಂದನ್ನು ಬಿಟ್ಟರೆ ಉಳಿದದ್ದನ್ನು ನಾನು ಮೊದಲೇ ಒಂದು ಸಲ ಕೇಳಿದ್ದೆ. 1993ರಲ್ಲಿ, ಗದಗದ ಕಡೆ, ಆಗಿನ್ನೂ ಅದು ಧಾರವಾಡ ಜಿಲ್ಲೆ. ಒಂದು ನರ್ಸಿಂಗ್ ಹೋಮಿನ ಹೊರಗಿನ ಬೆಂಚಿನ ಮೇಲೆ ನಾನು ಕೂತಿದ್ದೆ. ನನಗೆ 13, ಒಳಗಿದ್ದ ಅವ್ವನಿಗೆ 38. ಬಾಗಿಲು ಅರ್ಧ ತೆರೆದಿತ್ತು.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಮೂಲ್ಕಿ ಕಡೆಯ ಒಬ್ಬ ಅಕ್ಕ ಇದ್ದಾರೆ. ನಲವತ್ತು ವರ್ಷದಿಂದ ಸಾಂತಾಕ್ರೂಜ್ ಪೂರ್ವದಲ್ಲಿರೋರು. ಬೆಳಿಗ್ಗೆ ಪ್ರಭಾತ್ ಕಾಲೊನಿಯ ಪೇಜಾವರ ಮಠಕ್ಕೆ ಹೋಗಿ ಬಂದಮೇಲೇ ಅವರಿಗೆ ಚಹ. ಆಪರೇಶನ್ ಸುದ್ದಿ ಕೇಳಿ ಅವರು ಅಂದದ್ದು ಇಷ್ಟೇ: ‘ಎಂತ ಮಾರಾಯ್ತಿ ನೀನು, ಲ್ಯಾಪ್‌ಟಾಪ್ ತೆಗೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತಿ. ಹೊಟ್ಟೆ ಕೊಯ್ಸಿಕೊಳ್ಳಲಿಕ್ಕೆ ಒಬ್ಬ ಡಾಕ್ಟ್ರು ಸಾಕಾ?’

ಸರಿ, ಇನ್ನೊಬ್ಬರನ್ನು ಹುಡುಕೋಣ. ಆದರೆ ಯಾರನ್ನು? ಎಸ್‌.ವಿ. ರೋಡಿನ ಉದ್ದಕ್ಕೂ ಬೋರ್ಡು ಓದುತ್ತಾ ನಡೆದೆ. ಹೆರಿಗೆ, ಬಂಜೆತನ, ಐವಿಎಫ್, ಲ್ಯಾಪರೊಸ್ಕೋಪಿ, ಮಕ್ಕಳ ಲಸಿಕೆ. ಗರ್ಭಕೋಶ ಕೆಲಸ ಶುರು ಮಾಡುವುದಕ್ಕೆ, ಮಾಡುವುದಕ್ಕೆ, ನಿಲ್ಲಿಸುವುದಕ್ಕೆ, ತೆಗೆಯುವುದಕ್ಕೆ ಎಲ್ಲಕ್ಕೂ ಬೋರ್ಡಿತ್ತು. ಅದು ತಾನಾಗಿ ನಿವೃತ್ತಿಯಾಗುವ ಏಳೆಂಟು ವರ್ಷಕ್ಕೆ ಬೋರ್ಡು ಕಾಣಲಿಲ್ಲ. ಮರಾಠಿಯಲ್ಲಿ ಇದಕ್ಕೆ ರಜೋನಿವೃತ್ತಿ ಅಂತಾರೆ, ನಮ್ಮ ಪುಸ್ತಕದ ಕನ್ನಡದಲ್ಲಿ ಋತುಬಂಧ, ಮನೆಯಲ್ಲಿ ಬರೀ ‘ನಿಂತಿತು’. ನನಗೆ ಮರಾಠಿ ಪದವೇ ಇಷ್ಟ, ಪೆನ್ಶನ್ ಇಲ್ಲದ ನಿವೃತ್ತಿ.

ಈ ಬೋರ್ಡು ಯಾಕಿಲ್ಲ ಅನ್ನೋದು ನನ್ನನ್ನು ಚರಿತ್ರೆಯ ಕಡೆ ಎಳೆಯಿತು. ಯಾಕಂದರೆ ಹೆಂಗಸರ ಆರೋಗ್ಯದ ವಿಷಯದಲ್ಲಿ ಮುಂಬೈ ಹಿಂದುಳಿದ ಊರಲ್ಲ. ಬೇಕಾದರೆ ಸಿಎಸ್‌ಎಂಟಿ ಸ್ಟೇಶನ್ನಿನಲ್ಲಿ ಇಳಿದು ಕಾಮಾ ಆಸ್ಪತ್ರೆಯ ಮುಂದೆ ನಿಂತು ನೋಡಿ. 1880ರ ದಶಕದಲ್ಲಿ ಈ ಊರಿನ ಎಷ್ಟೋ ಹೆಂಗಸರು ಗಂಡು ವೈದ್ಯರಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಮೇಲು ಅಂತ ಮನೆಯಲ್ಲೇ ಉಳಿಯುತ್ತಿದ್ದರು. ಆಗ ಜಾರ್ಜ್ ಕಿಟ್ರೆಜ್ ಅನ್ನೋ ಅಮೆರಿಕದ ವ್ಯಾಪಾರಿ, ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಅನ್ನೋ ಪಾರ್ಸಿ ಸುಧಾರಕ ಸೇರಿ ಒಂದು ನಿಧಿ ಎತ್ತಿದರು. ಆಸ್ಪತ್ರೆಗೆ ಪೆಸ್ತನ್‌ಜಿ ಹೊರ್ಮಸ್‌ಜಿ ಕಾಮಾ ದುಡ್ಡು ಕೊಟ್ಟರು. ಷರತ್ತು ಏನಂದರೆ, ಹೆಂಗಸರ ಈ ಆಸ್ಪತ್ರೆಯನ್ನು ಹೆಂಗಸರೇ ನಡೆಸಬೇಕು. ಅದಕ್ಕಾಗಿ 1883ರಲ್ಲೇ ಇಂಗ್ಲೆಂಡಿನಿಂದ ಎಡಿತ್ ಪೀಚಿ ಬಂದರು. ಎಡಿನ್‌ಬರೋ ವಿಶ್ವವಿದ್ಯಾಲಯದ ಬಾಗಿಲು ತಟ್ಟಿ ವೈದ್ಯಕೀಯ ಓದಿಗೆ ಹೋರಾಡಿದ ಏಳು ಹೆಂಗಸರಲ್ಲಿ ಅವರೂ ಒಬ್ಬರು. ಆಸ್ಪತ್ರೆ 1886ರಲ್ಲಿ ತೆರೆಯಿತು. ಬಾಲ್ಯವಿವಾಹವನ್ನು ಕೋರ್ಟಿನಲ್ಲಿ ಪ್ರಶ್ನಿಸಿದ ರಖಮಾಬಾಯಿ ಲಂಡನ್ನಿಗೆ ಹೋಗಿ 1894ರಲ್ಲಿ ಡಾಕ್ಟರಾಗುವುದಕ್ಕೆ ಬೆನ್ನಿಗೆ ನಿಂತವರಲ್ಲಿ ಇದೇ ಪೀಚಿ ಇದ್ದರು.

ಹಾಗಾದರೆ ‘ಹೆಣ್ಣಿಗೆ ಬೇರೆಯೇ ವೈದ್ಯೆ ಬೇಕು’ ಅನ್ನೋದನ್ನು ಈ ಊರು 140 ವರ್ಷದ ಹಿಂದೆಯೇ ಒಪ್ಪಿತ್ತು. ಆದರೆ ಆ ಹೆಣ್ಣು ಯಾವ ವಯಸ್ಸಿನವಳು? ಆ ಕಾಲಕ್ಕೆ ಉತ್ತರ ಸಹಜವಾಗಿತ್ತು, ಹೆರಿಗೆಯಲ್ಲಿ ಸಾಯುತ್ತಿದ್ದವಳು. ಅವರನ್ನು ದೂರುವ ಹಾಗಿಲ್ಲ. ಐವತ್ತು ಮುಟ್ಟುವವರೇ ಕಮ್ಮಿ ಇದ್ದಾಗ ಐವತ್ತರ ಕಷ್ಟ ಯಾರ ಕಣ್ಣಿಗೂ ಬೀಳೋದಿಲ್ಲ.

ಈಗ ನಮ್ಮ ಸಾಂತಾಕ್ರೂಜ್‌ಗೇ ವಾಪಸ್ ಬರೋಣ. ಪಶ್ಚಿಮಕ್ಕೆ ದಾಟಿ ಜುಹೂ ರೋಡಿನಲ್ಲಿ ಹೋದರೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಕ್ಯಾಂಪಸ್ ಸಿಗುತ್ತೆ. ಆ ವಿಶ್ವವಿದ್ಯಾಲಯವನ್ನು 1916ರಲ್ಲಿ ಶುರು ಮಾಡಿದವರು ಧೊಂಡೋ ಕೇಶವ ಕರ್ವೆ. ವಿಧವೆಯನ್ನು ಮದುವೆಯಾಗಿ ಬಹಿಷ್ಕಾರ ಅನುಭವಿಸಿ, ನೂರು ದಾಟಿ ಬದುಕಿ, 1958ರಲ್ಲಿ ಭಾರತ ರತ್ನ ಪಡೆದವರು. ಅಪ್ಪನ ಹೆಸರು ಎಲ್ಲರಿಗೂ ಗೊತ್ತು. ಮಗ ರಘುನಾಥ ಕರ್ವೆಯ ಹೆಸರು ಅಷ್ಟು ಗೊತ್ತಿಲ್ಲ. ಗಣಿತದ ಪ್ರೊಫೆಸರ್ ಆಗಿದ್ದ ಅವರು 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು, ದೇಶದಲ್ಲೇ ಮೊದಲನೆಯದು. ಆ ವಿಚಾರಗಳಿಗಾಗಿ ಕಾಲೇಜಿನ ಕೆಲಸ ಕಳೆದುಕೊಂಡರು. 1927ರಿಂದ ಸಾಯುವವರೆಗೆ ‘ಸಮಾಜ ಸ್ವಾಸ್ಥ್ಯ’ ಅನ್ನೋ ಪತ್ರಿಕೆ ನಡೆಸಿ ಅಶ್ಲೀಲದ ಕೇಸುಗಳಿಗೆ ಕೋರ್ಟು ಹತ್ತಿದರು. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆಸಿದ್ದು 1930ರಲ್ಲಿ, ಮೈಸೂರು ಸಂಸ್ಥಾನದಲ್ಲಿ.

ಅಲ್ಲಿಂದ ಕಥೆ ಒಂದು ದಿಕ್ಕು ಹಿಡಿಯಿತು. ಸ್ವಾತಂತ್ರ್ಯ ಬಂತು, 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ಸರ್ಕಾರದ ಕಾರ್ಯಕ್ರಮವಾಗಿ ಮಾಡಿತು. ದೇಶದ ದೊಡ್ಡ ಚಿಂತೆ ಜನಸಂಖ್ಯೆ. ಆ ಚಿಂತೆಯ ಎರಡು ಮುಖ್ಯ ಸಂಸ್ಥೆಗಳು ಹುಟ್ಟಿದ್ದು ಮುಂಬೈಯಲ್ಲಿ, ಎರಡು ವರ್ಷದ ಅಂತರದಲ್ಲಿ.

ಮೊದಲನೆಯದು ಪರೇಲ್‌ನದು. ಸಾಂತಾಕ್ರೂಜ್‌ನಿಂದ ಸ್ಲೋ ಲೋಕಲ್ ಹತ್ತಿ ದಾದರ್‌ನಲ್ಲಿ ಇಳಿದು, ಕೆಇಎಂ ಆಸ್ಪತ್ರೆ, ಟಾಟಾ ಕ್ಯಾನ್ಸರ್ ಆಸ್ಪತ್ರೆಗಳ ಆ ಜನಜಂಗುಳಿ ದಾಟಿದರೆ ಜೆಹಾಂಗೀರ್ ಮೆರ್ವಾಂಜಿ ಸ್ಟ್ರೀಟ್. ಅಲ್ಲಿರುವ ಕೇಂದ್ರ ಸರ್ಕಾರದ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆ 1954ರಲ್ಲಿ ಹುಟ್ಟಿದಾಗ ಅದರ ಹೆಸರೇನು ಗೊತ್ತಾ? ಗರ್ಭನಿರೋಧಕ ಪರೀಕ್ಷಾ ಘಟಕ. 1970ರಲ್ಲಿ ಅದು ಪೂರ್ಣ ಪ್ರಮಾಣದ ಸಂಸ್ಥೆಯಾಯಿತು. ಹೆಣ್ಣಿನ ದೇಹದ ಹಾರ್ಮೋನ್ ಏರಿಳಿತವನ್ನು ಈ ದೇಶದಲ್ಲಿ ಅತ್ಯಂತ ಹತ್ತಿರದಿಂದ ಓದಿದ ಜಾಗಗಳಲ್ಲಿ ಅದೊಂದು. ನಂತರದ ವರ್ಷಗಳಲ್ಲಿ ಪಿಸಿಒಎಸ್, ಮೂಳೆ ಸವಕಳಿ ಇಂಥವುಗಳ ಮೇಲೂ ಅಲ್ಲಿ ಕೆಲಸ ನಡೆದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಆದರೆ ಅದು ಹುಟ್ಟಿದ್ದು ಒಂದು ಪ್ರಶ್ನೆಯಿಂದ: ಇವಳಿಗೆ ಮಕ್ಕಳಾಗದ ಹಾಗೆ ಮಾಡೋದು ಹೇಗೆ?

ಎರಡನೆಯದು ದೇವನಾರ್‌ನಲ್ಲಿದೆ. 1956ರಲ್ಲಿ ಭಾರತ ಸರ್ಕಾರ, ವಿಶ್ವಸಂಸ್ಥೆ, ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಸೇರಿ ಶುರು ಮಾಡಿದ ಜನಸಂಖ್ಯಾ ಅಧ್ಯಯನ ಕೇಂದ್ರ, ಈಗಿನ ಐಐಪಿಎಸ್. ನೀವು ಪೇಪರಿನಲ್ಲಿ ಓದುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು 1992–93ರಿಂದ ಮಾಡಿಕೊಂಡು ಬಂದವರು ಇವರೇ. ಎಷ್ಟು ಹೆಂಗಸರಿಗೆ ರಕ್ತಹೀನತೆ, ಎಷ್ಟು ಜನರ ಹೆರಿಗೆ ಆಸ್ಪತ್ರೆಯಲ್ಲಿ, ಎಲ್ಲ ಅದರಿಂದಲೇ ಗೊತ್ತಾಗೋದು. ಆ ಸಮೀಕ್ಷೆ ಮಾತಾಡಿಸುವ ಹೆಂಗಸರ ವಯಸ್ಸು 15ರಿಂದ 49.

49. ಅಲ್ಲಿಗೆ ನಿಲ್ಲುತ್ತೆ.

ಇಂಡಿಯನ್ ಮೆನೊಪಾಸ್ ಸೊಸೈಟಿ ಅಂತ ಒಂದು ವೈದ್ಯರ ಸಂಘ 1995ರಿಂದ ಇದೆ. ಅವರು 2016ರಲ್ಲಿ ಪ್ರಕಟಿಸಿದ ದೇಶಮಟ್ಟದ ಸಮೀಕ್ಷೆಯಲ್ಲಿ ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46.2 ಅಂತ ಬಂತು. ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲೇ. ಅಂದರೆ ಮುಟ್ಟು ನಿಂತು ಮೂರೇ ವರ್ಷಕ್ಕೆ ನಾವು ಆ ಲೆಕ್ಕದ ಪುಸ್ತಕದಿಂದ ಹೊರಗೆ. ನಾನು ಡಾಕ್ಟರ್ ಅಲ್ಲ, ಡೇಟಾಬೇಸ್ ನೋಡಿಕೊಳ್ಳೋಳು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟೇಬಲ್ಲಿನಲ್ಲಿ ಆ ಕಾಲಮ್ಮೇ ಇಲ್ಲ. ಕಾಲಮ್ ಇಲ್ಲದ್ದಕ್ಕೆ ಕ್ವೆರಿ ಬರೆಯೋದು ಹೇಗೆ, ಬಜೆಟ್ ಕೇಳೋದು ಹೇಗೆ? ಅದೇ ಐಐಪಿಎಸ್ 2017–18ರಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಬೇರೊಂದು ದೊಡ್ಡ ಸಮೀಕ್ಷೆ ಮಾಡಿತು, ಅದರ ಉದ್ದೇಶ ಮುಪ್ಪಿನ ಅಧ್ಯಯನ. ಒಂದು ಕಡೆ ಹೆರುವವಳು, ಇನ್ನೊಂದು ಕಡೆ ಮುದುಕಿ. ನಡುವೆ ನಾನು ಬೆಳಗಿನ ಜಾವ ಮೂರಕ್ಕೆ ಫ್ಯಾನಿನ ಕೆಳಗೆ.

ಹೊರಗಿನ ಪ್ರಪಂಚದಲ್ಲಿ ಇಷ್ಟು ಹೊತ್ತಿಗೆ ಏನಾಗಿತ್ತು ಅಂತ ಬೇಗ ನೋಡಿಬಿಡೋಣ. ಮೆನೊಪಾಸ್ ಅನ್ನೋ ಪದ 1821ರಲ್ಲಿ ಗಾರ್ದಾನ್ ಅನ್ನೋ ಫ್ರೆಂಚ್ ವೈದ್ಯ ಟಂಕಿಸಿದ್ದು. ನಮ್ಮ ಸುಶ್ರುತ ಸಂಹಿತೆಯಲ್ಲಿ ಮುಟ್ಟು 12ಕ್ಕೆ ಶುರುವಾಗಿ 50ಕ್ಕೆ ಕ್ಷಯಿಸುತ್ತೆ ಅಂತ ಎಷ್ಟೋ ಹಿಂದೆಯೇ ಇದೆ, ಕಾಯಿಲೆ ಅಂತ ಅಲ್ಲ, ದೇಹದ ನಡೆ ಅಂತ. 1929ರಲ್ಲಿ ಅಮೆರಿಕದಲ್ಲಿ ಡೊಯ್ಸಿ, ಜರ್ಮನಿಯಲ್ಲಿ ಬ್ಯೂಟೆನಾಂಟ್ ಬೇರೆಬೇರೆಯಾಗಿ ಈಸ್ಟ್ರೋನ್ ಹಾರ್ಮೋನನ್ನು ಶುದ್ಧ ರೂಪದಲ್ಲಿ ಹಿಡಿದರು. 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಪ್ರೆಮಾರಿನ್ ಮಾತ್ರೆ ಬಂತು, ಗಬ್ಬದ ಹೆಣ್ಣುಕುದುರೆಗಳ ಮೂತ್ರದಿಂದ ತೆಗೆದದ್ದು. ಹೆಸರಿನಲ್ಲೇ ಕುದುರೆ ಇದೆ. 1966ರಲ್ಲಿ ರಾಬರ್ಟ್ ವಿಲ್ಸನ್ ಅನ್ನೋ ಡಾಕ್ಟರ್ ‘ಫೆಮಿನೈನ್ ಫಾರೆವರ್’ ಅಂತ ಪುಸ್ತಕ ಬರೆದು, ಹಾರ್ಮೋನ್ ತಗೊಳ್ಳದ ಹೆಂಗಸು ಹಾಳುಬಿದ್ದ ಮನೆ ಅನ್ನೋ ಧಾಟಿಯಲ್ಲಿ ಹೆದರಿಸಿ ಮಾತ್ರೆ ಮಾರಾಟ ಏರಿಸಿದ. ಅದಕ್ಕೆ ಔಷಧ ಕಂಪನಿಯ ದುಡ್ಡಿತ್ತು ಅಂತ ಆಮೇಲೆ ಅವನ ಮಗನೇ ಹೇಳಿದ. 1975ರಲ್ಲಿ, ಬರೀ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತೆ ಅಂತ ಗೊತ್ತಾಯಿತು. ಗರ್ಭಕೋಶ ಇರೋರಿಗೆ ಜೊತೆಗೆ ಪ್ರೊಜೆಸ್ಟೋಜನ್ ಕೊಡಬೇಕು ಅನ್ನೋ ನಿಯಮ ಆಮೇಲೆ ಗಟ್ಟಿಯಾಯಿತು.

ದೊಡ್ಡ ಪೆಟ್ಟು 2002ರ ಜುಲೈಯದು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ‘ಹಾರ್ಮೋನಿನಿಂದ ಸ್ತನ ಕ್ಯಾನ್ಸರ್ 26% ಹೆಚ್ಚು’ ಅಂತ ಪ್ರಪಂಚದ ಎಲ್ಲ ಪೇಪರಿನಲ್ಲಿ ಬಂತು. ಈ ಅಂಕಿಯನ್ನು ಬಿಡಿಸಿ ನೋಡಬೇಕು. ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಯಿತು. ಎಂಟು ಜನ ಹೆಚ್ಚು. ಸುಳ್ಳಲ್ಲ, ಸಣ್ಣದೂ ಅಲ್ಲ, ಆದರೆ ತಲೆಬರಹ ಓದಿದವರ ಕಣ್ಣಿಗೆ ಕಟ್ಟಿದ ಚಿತ್ರವೂ ಅಲ್ಲ. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಿತ್ತು, ಸೊಂಟದ ಮೂಳೆ ಮುರಿತ ಕಡಿಮೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಹೆಚ್ಚು. 45ರಲ್ಲಿ ಬೆವರುವವಳ ಪ್ರಶ್ನೆಗೆ 63ರವಳ ಉತ್ತರ ಸಿಕ್ಕಿತ್ತು. 60ರೊಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಲೆಕ್ಕ ಬೇರೆ ಅಂತ ಒಪ್ಪಿಕೊಳ್ಳೋಕೆ ವರ್ಷಗಳು ಹಿಡಿದವು. ಈ ಔಷಧಿಗಳ ಮೇಲಿನ ದೊಡ್ಡ ಎಚ್ಚರಿಕೆಯ ಚೌಕಟ್ಟನ್ನು ಬಹುಮಟ್ಟಿಗೆ ತೆಗೆಸುವುದಾಗಿ ಅಮೆರಿಕದ ಎಫ್‌ಡಿಎ ಪ್ರಕಟಿಸಿದ್ದು 2025ರ ನವೆಂಬರಿನಲ್ಲಿ.

ನಮ್ಮ ಕಥೆ ಇನ್ನೂ ವಿಚಿತ್ರ. ಅಮೆರಿಕದ ಹೆಂಗಸರು ಅರವತ್ತು ವರ್ಷ ಮಾತ್ರೆ ನುಂಗಿ ಆಮೇಲೆ ಹೆದರಿದರು. ನಮ್ಮ ಅಮ್ಮಂದಿರು ಮಾತ್ರೆ ನೋಡಲೇ ಇಲ್ಲ, ಹೆದರಿಕೆ ಮಾತ್ರ ಬಂದು ತಲುಪಿತು. ನಮ್ಮಲ್ಲಿ ಆ ವಯಸ್ಸಿಗೆ ಸಿಗುತ್ತಿದ್ದ ಚಿಕಿತ್ಸೆ ಬೇರೆ, ಕತ್ತರಿ.

ಅದರ ಲೆಕ್ಕ ಸಿಗೋಕೆ ಶುರುವಾದದ್ದೂ ಈಚೆಗೇ. ಗರ್ಭಕೋಶ ತೆಗೆಸಿದ್ದೀರಾ ಅನ್ನೋ ಪ್ರಶ್ನೆ ಕುಟುಂಬ ಆರೋಗ್ಯ ಸಮೀಕ್ಷೆಗೆ ಸೇರಿದ್ದು ನಾಲ್ಕನೇ ಸುತ್ತಿನಲ್ಲಿ, 2015–16ರಲ್ಲಿ. 15ರಿಂದ 49ರ ಹೆಂಗಸರಲ್ಲಿ 3.2% ಜನರಿಗೆ ಆಗಿತ್ತು, ಮೂರರಲ್ಲಿ ಎರಡು ಖಾಸಗಿ ಆಸ್ಪತ್ರೆಗಳಲ್ಲಿ. ಸುಮಾರು ಆ ಹೊತ್ತಿಗೇ ನಮ್ಮ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ಹೊಟ್ಟೆನೋವು ಅಂತ ಹೋದ ಹೆಂಗಸರ ಗರ್ಭಕೋಶ ತೆಗೆದ ಸುದ್ದಿ ಹೊರಬಿತ್ತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯದು. ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಜನರಿಗೆ ಈ ಆಪರೇಶನ್ ಆಗಿತ್ತು. ನೀಲಂ ಗೋರ್ಹೆ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ಮಾಡಿತು. ಈ ಹೆಂಗಸರು ಬೇರೆ ಯಾರೂ ಅಲ್ಲ, ಸೀಸನ್ನಿನಲ್ಲಿ ನಮ್ಮ ಬೆಳಗಾವಿ ಕಡೆಯ ಗದ್ದೆಗೂ ಬರುವವರೇ. ಮುಟ್ಟಿನ ನೋವಿಗೆ ಒಂದು ದಿನ ಕೂತರೆ ಮುಕಾದಮ ಕೂಲಿ ಕಡಿಯುತ್ತಾನೆ. ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಅಂತ ಡಾಕ್ಟರ್ ಹೇಳುತ್ತಾನೆ. ಆಗ ತೆಗೆಸೋದು ಒಂದು ಲೆಕ್ಕಾಚಾರ ಅನ್ನಿಸುತ್ತೆ.

ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದೇ ಪ್ರಕರಣಗಳನ್ನು ಡಾ. ನರೇಂದ್ರ ಗುಪ್ತಾ ಸುಪ್ರೀಂ ಕೋರ್ಟಿಗೆ ಒಯ್ದಿದ್ದರು. ಬಡವರ ಆರೋಗ್ಯ ವಿಮೆಯ ದುಡ್ಡು ಬರುತ್ತೆ ಅಂತ ಆಪರೇಶನ್ ಮಾಡಿದ್ದಾರೆ ಅನ್ನೋದು ಅದರಲ್ಲಿದ್ದ ದೂರು. 2023ರ ಏಪ್ರಿಲ್ 5ರಂದು ತೀರ್ಪು ಬಂತು. ಅನಗತ್ಯ ಗರ್ಭಕೋಶ ಆಪರೇಶನ್ ತಡೆಯಲು ಕೇಂದ್ರ ಮಾಡಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ.

ಇದನ್ನೆಲ್ಲ ಓದುವಾಗ ನನ್ನ ಆಫೀಸಿನ ಪಾಲಿಸಿ ತೆಗೆದು ನೋಡಿದೆ. ಆಪರೇಶನ್ ಪೂರ್ತಿ ಕವರ್. ಡಾಕ್ಟರ್ ಹತ್ತಿರ ಕೂತು ಮುಕ್ಕಾಲು ಗಂಟೆ ಮಾತಾಡುವ ಫೀಸು ಕವರ್ ಇಲ್ಲ. ತಾಂಡಾದ ಹೆಂಗಸಿಗೂ ನನಗೂ ಸಂಬಳದಲ್ಲಿ ಎಷ್ಟು ಅಂತರ ಇದ್ದರೂ ದುಡ್ಡು ತಳ್ಳುವ ದಿಕ್ಕು ಒಂದೇ. ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ನಿಮ್ಮ ಪಾಲಿಸಿ ಒಂದು ಸಲ ತೆಗೆದು ನೋಡಿ.

ಕೊನೆಗೆ ಒಬ್ಬರು ಸಿಕ್ಕರು. ಮೆನೊಪಾಸ್‌ಗೆ ಅಂತಲೇ ಬೇರೆ ಎಂ.ಡಿ. ಡಿಗ್ರಿ ನಮ್ಮಲ್ಲಿಲ್ಲ. ಸ್ತ್ರೀರೋಗ ತಜ್ಞರಲ್ಲೇ ಕೆಲವರು ಆಸಕ್ತಿಯಿಂದ ಆ ಕಡೆ ತರಬೇತಿ ತಗೊಂಡಿರುತ್ತಾರೆ, ವಾರಕ್ಕೊಂದು ದಿನ ಅದಕ್ಕೇ ಕೂರುತ್ತಾರೆ. ಆ ಡಾಕ್ಟರ್ ಮೊದಲು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಕೇಳಿದರು: ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದೆಯಾ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್, ಬಿ.ಪಿ., ಮೈಗ್ರೇನ್. ಒಳಪದರದ ಬಯಾಪ್ಸಿ ಮಾಡಿ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಗಂಟು ಚಿಕ್ಕದು, ಮುಟ್ಟು ನಿಂತ ಮೇಲೆ ಇಂಥವು ಸಾಮಾನ್ಯವಾಗಿ ಕುಗ್ಗುತ್ತವೆ, ಕಾಯಬಹುದು ಅಂದರು. ರಕ್ತಸ್ರಾವಕ್ಕೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಬೆವರಿಗೆ ಚರ್ಮಕ್ಕೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಜೆಲ್, ಆಗಾಗ ತಪಾಸಣೆ. ಇದು ನನಗೆ ಹೊಂದಿದ್ದು. ನಿಮಗೆ ಇದೇ ಆಗಬೇಕಿಲ್ಲ, ಹಾರ್ಮೋನ್ ಕೊಡಲೇಬಾರದ ಹೆಂಗಸರೂ ಇದ್ದಾರೆ. ಇದನ್ನು ಕೇಳಿಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ.

ಕೊನೆಯ ಪ್ರಶ್ನೆ: ‘ನಿಮ್ಮ ತಾಯಿಗೆ ಎಷ್ಟನೇ ವಯಸ್ಸಿಗೆ ನಿಂತಿತು?’

ನನಗೆ ಗೊತ್ತಿರಲಿಲ್ಲ. ಅಲ್ಲೇ ಹೊರಗೆ ಬಂದು ಫೋನ್ ಹಚ್ಚಿದೆ. ಅವ್ವ ಒಂದು ಕ್ಷಣ ಸುಮ್ಮನಿದ್ದಳು. ‘ನಂದೆಲ್ಲಿ ನಿಲ್ಲೂದವ್ವ? ಚೀಲಾನ ತಗದರಲ್ಲ. ಅಲ್ಲಿಗೇ ಮುಗೀತು.’

ಆಪರೇಶನ್ ಆದ ಮೇಲಿನ ಆ ಚಳಿಗಾಲ ನನಗೆ ಚೆನ್ನಾಗಿ ನೆನಪಿದೆ. ರಾತ್ರಿ ಎದ್ದರೆ ಅವ್ವ ಹಿತ್ತಲಲ್ಲಿ ನಿಂತು ಮೈಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಹಗಲು ಕಾರಣವಿಲ್ಲದೆ ಅಳು, ಇಲ್ಲವೇ ಸಿಟ್ಟು. ಅಜ್ಜಿ, ‘ಹೊರಗಿಂದು ಏನೋ ಬಡದೈತಿ’ ಅಂತ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿ ತಂದಳು. ಅಪ್ಪ ಒಂದು ವರ್ಷ ಹೊರಗಿನ ಕಟ್ಟೆಯ ಮೇಲೆ ಮಲಗಿದ. ಮನೆಯ ಕಪಾಟಿನಲ್ಲಿ ಅನುಪಮಾ ನಿರಂಜನರ ‘ವಧುವಿಗೆ ಕಿವಿಮಾತು’, ‘ತಾಯಿ-ಮಗು’ ಇದ್ದವು, ಮದುವೆಯಲ್ಲಿ ಬಂದ ಉಡುಗೊರೆ. ಅದೇ ಡಾಕ್ಟರಮ್ಮ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯನ್ನೂ ಬರೆದಿದ್ದಾರೆ, ಆದರೆ ಅದನ್ನು ಮದುವೆಗೆ ಯಾರು ಕೊಡುತ್ತಾರೆ? ಅವ್ವನಿಗೆ 52ಕ್ಕೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಈಗ 70, ಬೆನ್ನು ಬಾಗಿದೆ. ವಯಸ್ಸು ಅಂದುಕೊಂಡಿದ್ದೆವು.

ತಮ್ಮನಿಗೆ ಹೇಳಿ ಟ್ರಂಕು ತೆಗೆಸಿದೆ. ರೇಶನ್ ಕಾರ್ಡು, ಹೊಲದ ಉತಾರ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಡಿಸ್ಚಾರ್ಜ್ ಕಾರ್ಡೂ ಇತ್ತು. ವಾಟ್ಸಾಪಿನಲ್ಲಿ ಫೋಟೋ ಬಂತು. ಬಣ್ಣ ಹೋದ ಕಾರ್ಡು, ನಡುವೆ ಡೊಂಕು ಅಕ್ಷರದಲ್ಲಿ ಒಂದೇ ಸಾಲು: ಟಿಎಎಚ್ ವಿತ್ ಬಿಎಸ್‌ಒ. ಡಾಕ್ಟರ್ ನೋಡಿದರು. ಟಿಎಎಚ್ ಅಂದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದು. ಬಿಎಸ್‌ಒ ಅಂದರೆ ಎರಡೂ ಕಡೆಯ ಅಂಡಾಶಯ, ನಾಳಗಳ ಸಮೇತ.

ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತೆ, ಆದರೆ ಅಂಡಾಶಯ ಇನ್ನೂ ಕೆಲಸ ಮಾಡುತ್ತಿರುತ್ತೆ. ಎರಡೂ ಅಂಡಾಶಯ ತೆಗೆದರೆ ಏಳೆಂಟು ವರ್ಷದಲ್ಲಿ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕುಸಿಯುತ್ತೆ. 45ರೊಳಗೆ ಹೀಗಾದರೆ ಮೂಳೆಗೂ ಹೃದಯಕ್ಕೂ ಅಪಾಯ ಹೆಚ್ಚು, ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು ಅನ್ನೋದು ಇವತ್ತಿನ ಒಪ್ಪಿತ ಕ್ರಮ. ಅವ್ವನಿಗೆ ಕೊಟ್ಟದ್ದು ಕಬ್ಬಿಣದ ಮಾತ್ರೆ, ಒಂದು ತಿಂಗಳಿಗೆ. ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ 32 ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ.

ದೀಪಾವಳಿಗೆ ಅವ್ವನನ್ನು ಸಾಂತಾಕ್ರೂಜ್‌ಗೆ ಕರೆಸಿದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಇದು ಹತ್ತು ಹದಿನೈದು ನಿಮಿಷದ್ದು, ನೋವಿಲ್ಲ, ನಿಮ್ಮ ಅಮ್ಮನಿಗೂ ಮಾಡಿಸಿ. ರಿಪೋರ್ಟು ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಈ ವಯಸ್ಸಿಗೆ ಹಾರ್ಮೋನ್ ಬೇಡ, ಮೂಳೆಗೇ ಬೇರೆ ಔಷಧಿ ಇದೆ ಅಂತ ಶುರು ಮಾಡಿದರು. ಆಮೇಲೆ ಡಾಕ್ಟರ್ ಕಾಗದದ ಮೇಲೆ ಗರ್ಭಕೋಶದ ಚಿತ್ರ ಬರೆದು, ಎರಡು ಪಕ್ಕಕ್ಕೂ ಒಂದೊಂದು ಸಣ್ಣ ಸೊನ್ನೆ ಹಾಕಿ, ಎಲ್ಲವನ್ನೂ ವಿವರಿಸಿದರು. ಅವರ ಹಿಂದಿಯನ್ನು ನಾನು ಕನ್ನಡ ಮಾಡುತ್ತಾ ಹೋದೆ.

ಅವ್ವ ಆ ಸೊನ್ನೆಗಳನ್ನು ಬೆರಳಿನಿಂದ ಮುಟ್ಟಿ ಕೇಳಿದಳು, ‘ಇವೆರಡೂ ಕೆಟ್ಟಿದ್ದುವೇನು?’

ಕಾರ್ಡಿನಲ್ಲಿ ಹಾಗೇನೂ ಬರೆದಿಲ್ಲ ಅಂದರು ಡಾಕ್ಟರ್.

ವಾಪಸ್ ಬರುವಾಗ ಆಟೋದಲ್ಲಿ ಅವ್ವ ಮಾತಾಡಲಿಲ್ಲ. ಬಿಲ್ಡಿಂಗಿನ ಗೇಟಿನ ಹತ್ತಿರ ಕೆಳಗಿನ ಮನೆಯ ಅಕ್ಕ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ‘ಎಂತ ಹೇಳಿದ್ರು ಅಮ್ಮಾ ಡಾಕ್ಟ್ರು?’ ಅಂತ ಕೇಳಿದರು. ಅವ್ವ ಅವರ ಪಕ್ಕದ ಕಟ್ಟೆಯ ಮೇಲೆ ನಿಧಾನಕ್ಕೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

‘ನನಗ ಯಾವ ದೆವ್ವಾನೂ ಬಡದಿದ್ದಿಲ್ರೀ.’